ಟ್ಯಾಂಕಿನೊಳಗಿನ ಮಾತು

"ಇಲ್ಲಪ್ಪ, ನೀವು ಹುಡುಕ್ತಿರೋ ಮನೆ ಇದಲ್ಲ," ಎಂದು ಅವಳು ಗೇಟಿನ ಚಿಲಕವನ್ನು ಮತ್ತೆ ಹಾಕಿಬಿಟ್ಟಳು.

ಹೊರಗೆ ಬೀದಿಯಲ್ಲಿ ಹತ್ತಾರು ಗಂಡಸರು, ಅವರ ಹಿಂದೆ ಒಬ್ಬಳು ಹೆಂಗಸು. ಎಲ್ಲರೂ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ರೇಡಿಯೋ ಅಣ್ಣನ ಮನೆ ಯಾವುದೆಂದು ಅವರು ಕೇಳಿದ್ದಕ್ಕೆ, ಇಲ್ಲಿಯೂ ಒಂದು ಸಾವಾಗಿದೆ ನಿಜ, ಆದರೆ ರೇಡಿಯೋ ಎನ್ನುವವರು ಯಾರೂ ಇಲ್ಲ, ಮುಂದಿನ ತಿರುವಿನಲ್ಲಿ ವಿಚಾರಿಸಿ ನೋಡಿ ಎಂದು ಅವಳು ಬಹಳ ವಿನಯದಿಂದಲೇ ಹೇಳಿದಳು. ಅವರೂ ಪಾಪ, ತಪ್ಪಾಯಿತಮ್ಮ ಎಂದು ಹೊರಟರು. ಗಂಡನ ಹೆಣವನ್ನು ನಡುಮನೆಯಲ್ಲಿ ಇಟ್ಟುಕೊಂಡು, ಅವನ ಮುಖ ನೋಡಲು ಬಂದವರನ್ನೇ ಬೇರೆ ಬೀದಿಗೆ ಸಾಗಹಾಕಿದ ಹೆಂಡತಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ. ಆದರೆ ಅವಳನ್ನು ಅನ್ನುವಂತಿಲ್ಲ. ಮೊನ್ನೆಯಿಂದ ಅವಳ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಬೆಳಗಿನ ಮಂಜು ಬೇರೆ ಬೀದಿಯನ್ನೆಲ್ಲ ತುಂಬಿಕೊಂಡು, ಎದುರುಮನೆಯ ಗೋಡೆ ಇದೆಯೋ ಕರಗಿಹೋಗಿದೆಯೋ ಎನ್ನುವ ಹಾಗಿತ್ತು. ಮಾತಾಡಿದವರ ಮಾತು ಅವಳ ಕಿವಿಗೆ ಸ್ವಲ್ಪ ತಡವಾಗಿ ಬಂದು ತಲುಪುತ್ತಿತ್ತು.

ಮಂಜಿನೊಳಗಿಂದ ಒಬ್ಬ ಮಾತ್ರ ತಿರುಗಿ ಬಂದ. ಬೋಳುತಲೆಯ ಮೇಸ್ತ್ರಿ. ಗೇಟಿನ ಮೇಲಿಂದ ಕತ್ತು ಚಾಚಿ ಬಾಗಿಲ ಪಕ್ಕದಲ್ಲಿದ್ದ ಶೂಗಳನ್ನು ನೋಡಿದ. ಕಿಡಿ ಸಿಡಿದು ಸಿಡಿದು ಮೇಲೆಲ್ಲ ಸಣ್ಣ ತೂತುಗಳಾದ ಹಳೆಯ ಚರ್ಮದ ಶೂ.

"ಅಮ್ಮಾ, ಆ ಶೂ ನಮ್ಮ ರೇಡಿಯೋದೇ," ಎಂದವನು ಗೇಟಿನ ಕಂಬಿ ಹಿಡಿದುಕೊಂಡು ಅಳತೊಡಗಿದ.

ಅವಳ ಗಂಡನಿಗೆ ಈ ಬೀದಿಯಲ್ಲಿದ್ದ ಹೆಸರು ಮೂಗಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೂ ಆ ಪುಣ್ಯಾತ್ಮ ಉತ್ತರ ಕೊಡುತ್ತಿರಲಿಲ್ಲ. ಬಾಡಿಗೆ ಕೇಳಲು ಬಂದವರಿಗೆ ತಲೆಯಾಡಿಸುವುದು, ನೆಂಟರು ಬಂದರೆ ಕುರ್ಚಿ ಸರಿಸುವುದು, ಊಟ ಸಾಕೆನಿಸಿದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದು. ಇಷ್ಟರಲ್ಲೇ ಅವನ ಸಂಸಾರ ನಡೆದುಹೋಗಿತ್ತು. ಮಗಳ ಮದುವೆಯ ಮಾತುಕತೆಗೂ ಅವನು ಮಾತಿಲ್ಲದೆ ಹೋಗಿ, ಕತೆಯಿಲ್ಲದೆ ಬಂದಿದ್ದ.

ಅಂಥವನನ್ನು ರೇಡಿಯೋ ಎಂದು ಯಾಕೆ ಕರೆದಿರಿ ಎಂದು ಅವಳು ಕೇಳಿದಾಗ ಮೇಸ್ತ್ರಿಯೇ ಕಣ್ಣು ಕಣ್ಣು ಬಿಟ್ಟ. ಬೆಳಿಗ್ಗೆ ಟ್ಯಾಂಕಿನೊಳಗೆ ಇಳಿದರೆ ಸಂಜೆಯವರೆಗೂ ಬಾಯಿ ಮುಚ್ಚಿದವರಲ್ಲ, ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು, ಬ್ಯಾಟರಿ ಖರ್ಚಿಲ್ಲದ ರೇಡಿಯೋ ಅಂತ ನಾವೇ ಹೆಸರಿಟ್ಟದ್ದು, ಮನೆಯಲ್ಲೂ ಹಾಗೇ ಅಲ್ಲವೇ ಎಂದ. ಅವಳು ಒಳಗೆ ಹೋಗಿ, ಮಲಗಿಸಿದ್ದವನ ಮುಖದ ಮೇಲಿನ ಬಟ್ಟೆ ಸರಿಸಿ, ಇದು ತನ್ನ ಗಂಡನೇ ಹೌದೋ ಎಂದು ಇನ್ನೊಮ್ಮೆ ನೋಡಿದಳು. ಅವನೇ. ಎಡಹುಬ್ಬಿನಲ್ಲಿ ಕಿಡಿ ಹಾರಿ ಸುಟ್ಟ ಗುರುತು ಇದ್ದಲ್ಲೇ ಇತ್ತು. ಬಾಯಿ ಎಂದಿನಂತೆ ಮುಚ್ಚಿತ್ತು.

*

ಅವನು ಕೆಲಸ ಮಾಡುತ್ತಿದ್ದುದು ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಮಾಡುವಲ್ಲಿ. ಹಾಲಿನ ಡೈರಿಗೆ, ಔಷಧದ ಕಂಪನಿಗೆ, ಬಣ್ಣದ ಕಾರ್ಖಾನೆಗೆ, ಒಳಗೆ ಆವಿ ತುಂಬಿ ಒತ್ತಿದರೂ ಬಿರಿಯದಂಥ ಟ್ಯಾಂಕುಗಳು. ಹೊಸದನ್ನು ಕಟ್ಟುವವರು ಬೇರೆ ಇದ್ದರು. ಅವನದು ದುರಸ್ತಿ. ಬೆಸುಗೆಯ ಬದಿಯಲ್ಲಿ ತುಕ್ಕು ತಿಂದೋ ಬಿರುಕು ಬಿಟ್ಟೋ ವಾಪಸು ಬಂದವುಗಳ ಹೊಟ್ಟೆಯೊಳಗೆ ತೂರಿಕೊಂಡು, ಕೆಟ್ಟದ್ದನ್ನು ಕೆತ್ತಿ ತೆಗೆದು, ಮತ್ತೆ ಬೆಸೆಯುವುದು. ಇಷ್ಟು ಅವಳಿಗೆ ಗೊತ್ತಿತ್ತು. ಅದೂ ಅವನು ಹೇಳಿ ಗೊತ್ತಾದದ್ದಲ್ಲ.

ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳು ಹೊಳೆಯುವ ಹೊಸ ಸ್ಟೀಲ್ ಪಾತ್ರೆಯೊಂದನ್ನು ಹೆಂಚು ಉಜ್ಜುವ ಕಬ್ಬಿಣದ ನಾರಿನಿಂದಲೇ ಗಸಗಸ ತಿಕ್ಕಿ, ಒದ್ದೆಯಾಗಿಯೇ ಬೋರಲು ಹಾಕಿದ್ದಳು. ಮರುದಿನ ನೋಡಿದರೆ ತಿಕ್ಕಿದ ಗೆರೆಗಳುದ್ದಕ್ಕೂ ಕಂದು ಚುಕ್ಕೆಗಳು. ಅಂಗಡಿಯವನು ಮೋಸ ಮಾಡಿದ ಎಂದು ಅವನ ಜನ್ಮ ಜಾಲಾಡಿ ಬಂದಳು. ಗಂಡ ರಜೆಯ ದಿನ ಆ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿಂಬೆರಸದಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಅದ್ದಿ ಉಜ್ಜಿ, ನೀರು ಸುರಿದು ತೊಳೆದು, ಗಾಳಿಗೆ ಗೋಡೆಯ ಮೇಲಿಟ್ಟ. ಸ್ಟೀಲಿಗೂ ತುಕ್ಕು ಹಿಡಿಯುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ಕಬ್ಬಿಣದ ನಾರನ್ನು ಎತ್ತಿ ತೋರಿಸಿ ಕಸದ ಡಬ್ಬಿಗೆ ಹಾಕಿದ. ಅಷ್ಟೇ ಉತ್ತರ.

ಇಂಥ ಉತ್ತರಗಳನ್ನು ಎಷ್ಟು ದಿನ ಅಂತ ಉಣ್ಣುವುದು? ಮೂರನೆಯ ವರ್ಷ ಅವಳು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ತಾಯಿಯ ಮನೆಗೆ ಹೋಗಿಬಿಟ್ಟಳು. ಗೋಡೆಯ ಜೊತೆ ಬಾಳುವೆ ಮಾಡಲಾರೆ ಎಂದಳು. ವಾರಗಳು ಕಳೆದವು. ಒಂದು ಬೆಳಿಗ್ಗೆ ಅವನು ಬಂದು ಮೆಟ್ಟಿಲ ಮೇಲೆ ನಿಂತ. ತಾಯಿ ನೀರು ಕೊಟ್ಟಳು, ಕುಡಿದ. ಮೂಲೆಯಲ್ಲಿದ್ದ ಅವಳ ಚೀಲವನ್ನು ತಾನೇ ಎತ್ತಿಕೊಂಡು ರಸ್ತೆಯ ಕಡೆ ನಡೆದ. ಅವಳು ಒಂದು ಚಪ್ಪಲಿ ಸರಿಯಾಗಿ ಮೆಟ್ಟಿ, ಇನ್ನೊಂದನ್ನು ಎಳೆದುಕೊಂಡು ಅವನ ಹಿಂದೆ ಓಡಿದಳು.

ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದ. ಬಸ್ಸು ಹೊರಟಮೇಲೆ, ಎಂಜಿನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದ ಹಾಗೆ, ಅವಳು ಕೇಳಿದಳು: "ಯಾಕೆ ಬಂದ್ರಿ?"

ಅವನು ಅವಳ ಮುಖ ನೋಡಿದ. ತುಟಿ ಅಲುಗಿದ ಹಾಗೆ ಕಂಡಿತು. ಆಮೇಲೆ ಕಿಟಕಿಯ ಕಡೆಗೆ ತಿರುಗಿದ. ಊರು ಬರುವವರೆಗೂ ತಿರುಗಿಯೇ ಇದ್ದ.

ಮಾರನೆಯ ದಿನ ಅತ್ತಿಗೆ, ಗಂಡನ ಅಕ್ಕ, ಬಂದವಳು, ನಾನು ಬೈದು ಕಳಿಸಿದ್ದಕ್ಕೆ ಬಂದ ಕಣೆ, ಇಲ್ಲದಿದ್ದರೆ ಅವನೆಲ್ಲಿ ಬರುತ್ತಿದ್ದ ಎಂದಳು. ಆ ಮಾತು ಅವಳ ಎದೆಯಲ್ಲಿ ಹೊಕ್ಕು ಕೂತಿತು. ಅವನಾಗಿಯೇ ಬಂದನೋ, ಅಕ್ಕನ ಬೈಗುಳಕ್ಕೆ ಹೆದರಿ ಬಂದನೋ? ಮಗಳು ಹುಟ್ಟಿದಳು, ಬೆಳೆದಳು, ಗಂಡನ ಮನೆಗೆ ಹೋದಳು. ತಲೆ ನೆರೆಯಿತು. ಆ ಪ್ರಶ್ನೆಯನ್ನು ಅವಳು ಇನ್ನೊಮ್ಮೆ ಕೇಳಲಿಲ್ಲ. ಆದರೆ ಅವನು ಊಟಕ್ಕೆ ಕೂತಾಗ, ಶೂ ಬಿಚ್ಚುವಾಗ, ದೀಪ ಆರಿಸುವಾಗ, ಇವತ್ತು ಹೇಳಿಯಾನು ಎಂದು ಕಾಯುವುದನ್ನು ಮಾತ್ರ ಬಿಡಲಿಲ್ಲ. ಈಗ ಹೇಳಬೇಕಾದವನೇ ಹೋಗಿಬಿಟ್ಟಿದ್ದ.

*

ನಡುಮನೆಯಲ್ಲಿ ಅತ್ತಿಗೆ ಅದೇ ಕತೆಯನ್ನು ನೆರೆಹೊರೆಯವರಿಗೆ ಹೇಳುತ್ತಿದ್ದಳು. ಮಂಡಿನೋವು, ಎದ್ದು ಓಡಾಡಲಾಗದು. ಆದರೆ ಬಾಯಿಗೆ ಯಾವ ನೋವೂ ಇರಲಿಲ್ಲ. ತಾನು ಕಳಿಸದೆ ಇದ್ದಿದ್ದರೆ ಈ ಸಂಸಾರವೇ ಇರುತ್ತಿರಲಿಲ್ಲ, ತಮ್ಮ ಬಾಯಿಲ್ಲದವನು, ಎಲ್ಲಕ್ಕೂ ತಾನೇ ಬೇಕಾಗಿತ್ತು ಎಂದು ಕಣ್ಣೊರೆಸಿಕೊಂಡಳು. ಅವಳು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಗೋಡೆಗೊರಗಿ ಕೂತಿದ್ದಳು. ಮಂಜು ಕಿಟಕಿಯಿಂದ ಒಳಗೂ ಬಂದಿತ್ತೋ ಏನೋ, ಬಂದವರ ಮುಖಗಳೆಲ್ಲ ನೀರಿನೊಳಗಿಂದ ಕಂಡಂತೆ ಕಾಣುತ್ತಿದ್ದವು. ಬಾಗುತ್ತಿದ್ದವು, ಏನೋ ಹೇಳುತ್ತಿದ್ದವು, ತೇಲಿಕೊಂಡು ಆಚೆ ಹೋಗುತ್ತಿದ್ದವು.

ಆಗ ಕಾರ್ಖಾನೆಯ ಆ ಹೆಂಗಸು ಕೈ ತೊಳೆಯಲು ಬಚ್ಚಲ ಕಡೆಗೆ ಹೋದಳು. ಬಚ್ಚಲ ಬಾಗಿಲು ಹಾಳಾದ್ದು ಬಹಳ ಕಾಲದಿಂದ ಕೆಳಗಿಳಿದಿತ್ತು. ಗೊತ್ತಿಲ್ಲದವರು ಎಷ್ಟು ದೂಡಿದರೂ ತೆರೆಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಜನ ಅದರ ಜೊತೆ ಗುದ್ದಾಡಿದ್ದರು. ಈ ಹೆಂಗಸು ಹೋದವಳೇ ಹಿಡಿಕೆಯನ್ನು ಒಂದು ಸ್ವಲ್ಪ ಮೇಲಕ್ಕೆತ್ತಿ, ಭುಜದಿಂದ ಮೆಲ್ಲಗೆ ಒತ್ತಿದಳು. ಬಾಗಿಲು ತೆರೆದುಕೊಂಡಿತು.

"ಯಾರೇ ಅವಳು?" ಎಂದು ಅತ್ತಿಗೆ ಪಿಸುಗುಟ್ಟಿದಳು. "ಈ ಮನೆಗೆ ಹೊಸಬಳ ಹಾಗಿಲ್ಲವಲ್ಲ."

ಗೋಡೆಗೊರಗಿದ್ದವಳು ನೆಟ್ಟಗೆ ಕೂತಳು. ಮನೆಯಲ್ಲಿ ಮೂಗ, ಅಲ್ಲಿ ರೇಡಿಯೋ. ಹಾಗಾದರೆ ಅವನಲ್ಲಿ ಮಾತಿರಲಿಲ್ಲ ಎಂದಲ್ಲ. ಮಾತಿತ್ತು, ಅದು ಇಲ್ಲಿಗೆ ಬರುತ್ತಿರಲಿಲ್ಲ, ಅಷ್ಟೇ. ಎಲ್ಲೋ ಖರ್ಚಾಗಿ, ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಗಂಡನ ಹೆಣದ ಮುಂದೆ ಕೂತು ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು. ಆದರೂ ಉರಿಯಿತು. ಎರಡು ದಿನದಲ್ಲಿ ಅವಳಿಗೆ ಸ್ಪಷ್ಟವಾಗಿ ಅನಿಸಿದ್ದು ಅದೊಂದೇ.

*

ಸ್ಮಶಾನಕ್ಕೆ ಹೊರಟಾಗ ಬಿಸಿಲು ಮಂಜಿನ ಹಿಂದೆ ಬೆಳ್ಳಗೆ ನಿಂತಿತ್ತು. ವ್ಯಾನಿನ ನಡುವೆ ಪೆಟ್ಟಿಗೆ, ಎರಡೂ ಬದಿಗೆ ಬೆಂಚು. ಅತ್ತಿಗೆ ಮಂಡಿಯ ದೆಸೆಯಿಂದ ಮನೆಯಲ್ಲೇ ಉಳಿದಳು. ಅಳಿಯ ಡ್ರೈವರ್ ಪಕ್ಕದಲ್ಲಿ ಹತ್ತಿದ. ಮಗಳು ತಾಯಿಯ ಭುಜಕ್ಕೆ ತಲೆ ಕೊಟ್ಟವಳು ಅತ್ತ ಸುಸ್ತಿಗೆ ಹಾಗೇ ನಿದ್ದೆ ಹೋದಳು. ಉಳಿದಿದ್ದ ಒಂದು ಜಾಗಕ್ಕೆ ಮೇಸ್ತ್ರಿ ಆ ಹೆಂಗಸನ್ನು ಹತ್ತಿಸಿ, ನಮ್ಮ ಹಗ್ಗದಕ್ಕ ಇವರು, ಇವರು ಅಣ್ಣನ ಜೊತೆಗೇ ಬರಬೇಕು ಎಂದು ಬಾಗಿಲು ಹಾಕಿದ. ವ್ಯಾನು ಹೊರಟಿತು. ಕಿಟಕಿಯ ಹೊರಗೆ ಮರಗಳು, ಗೋಡೆಗಳು ಮಂಜಿನಿಂದ ಮೂಡಿ ಮಂಜಿಗೇ ಮರಳುತ್ತಿದ್ದವು. ಇದು ವ್ಯಾನೋ ಆ ಹಳೆಯ ಬಸ್ಸೋ ಎಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ.

"ನಮ್ಮ ಮನೆಗೆ ಬಂದಿದ್ರಾ ಮೊದ್ಲು?" ಎಂದು ಅವಳು ಕೇಳಿಯೇಬಿಟ್ಟಳು.

ಹಗ್ಗದಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳದೂ ನೆರೆತ ತಲೆ, ಅಂಗೈ ಹಗ್ಗ ಹಿಡಿದು ಹಿಡಿದು ದಡ್ಡುಗಟ್ಟಿತ್ತು. "ಬಾಗ್ಲು ತೆಗೆದದ್ದಕ್ಕೆ ಕೇಳ್ತಿದೀರಾ? ಅಣ್ಣ ಹೇಳಿದ್ರು. ಎತ್ತಿ ದೂಡಬೇಕು, ನಮ್ಮನೆಯೋಳು ದಿನಾ ಆ ಬಾಗ್ಲಿಗೆ ಬೈತಾಳೆ ಅಂತ."

ಆಮೇಲೆ ಅವಳು ತನ್ನ ಕೆಲಸದ ಬಗ್ಗೆ ಹೇಳಿದಳು. ಟ್ಯಾಂಕಿನೊಳಗೆ ಹೋದವರ ಎದೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು, ಟ್ಯಾಂಕಿನ ಬಾಯಿಯ ಬಳಿ ಕೂತಿರುವುದೇ ಅವಳ ಕೆಲಸ. ಬೆಸೆಯುವಾಗ ಸ್ಟೀಲು ಕಪ್ಪಾಗಬಾರದೆಂದು ಆರ್ಗಾನ್ ಎನ್ನುವ ಅನಿಲವನ್ನು ಬಿಡುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಟ್ಯಾಂಕಿನ ತಳದಲ್ಲಿ ನೀರು ನಿಂತ ಹಾಗೆ ನಿಂತುಬಿಡುತ್ತದೆ. ಅದರೊಳಗೆ ಇದ್ದವನಿಗೆ ಉಸಿರು ಕಟ್ಟಿದ್ದೂ ಗೊತ್ತಾಗುವುದಿಲ್ಲ. ಸುಖವಾಗಿ ನಿದ್ದೆ ಬಂದ ಹಾಗಾಗುತ್ತದಂತೆ. ಅದಕ್ಕೇ ಅವರ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು. ಬೆಸುಗೆ ಉಜ್ಜುವ ಗ್ರೈಂಡರ್ ಓಡುವಾಗ ಅದರ ಸದ್ದೇ ಸಾಕು. ಅದು ನಿಂತಾಗ ಒಳಗಿದ್ದವನು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಹಿಂದುಮುಂದು ನೋಡದೆ ಎಳೆಯಬೇಕು.

"ಹಾಡೋರು ಇದಾರೆ, ಸುಮ್ನೆ ಎಣಿಸೋರು ಇದಾರೆ. ಅಣ್ಣ ಮಾತ್ರ ನಿಮ್ಮ ಸುದ್ದಿ ಹೇಳೋರು," ಎಂದಳು ಹಗ್ಗದಕ್ಕ.

"ನನ್ನ ಸುದ್ದೀನಾ?"

"ನಿಮ್ಮದೇ. ನೀವು ಏನಂದ್ರಿ, ಅದಕ್ಕೆ ಅವ್ರು ಏನಂದ್ರು. ಮಾತಿಗೆ ಮಾತು, ಒಂದೂ ಬಿಡದೆ."

ಪಾತ್ರೆಗೆ ತುಕ್ಕು ಹಿಡಿದ ಸುದ್ದಿ ಹಗ್ಗದಕ್ಕನಿಗೆ ಬಾಯಿಪಾಠವಾಗಿತ್ತು. ಸ್ಟೀಲಿಗೂ ತುಕ್ಕು ಹಿಡಿಯುತ್ತದೆಯೇ ಎಂದು ನೀವು ಕೇಳಿದಿರಂತೆ. ಹಿಡಿಯುತ್ತದೆ ಕಣೇ, ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯೊಂದಿದೆ, ಅದೇ ಅದನ್ನು ಕಾಯುವುದು ಎಂದರಂತೆ. ಗೀಚಿದರೆ ಹೋಗುವುದಿಲ್ಲವೇ ಎಂದಿರಂತೆ ನೀವು. ಹೋಗುತ್ತದೆ, ಆದರೆ ಗಾಳಿ ತಾಗಿದರೆ ತಾನೇ ಮತ್ತೆ ಬೆಳೆಯುತ್ತದೆ, ಕಬ್ಬಿಣದ ಚೂರು ಕೂತಲ್ಲಿ ಮಾತ್ರ ಬೆಳೆಯುವುದಿಲ್ಲ, ಅದಕ್ಕೇ ಆ ನಾರು ಬೇಡ ಎಂದರಂತೆ. ಅಯ್ಯೋ, ಅಂಗಡಿಯವನಿಗೆ ಸುಮ್ಮನೆ ಬೈದೆನಲ್ಲ ಎಂದು ನೀವು ನಕ್ಕಿರಂತೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ.

ಇದರಲ್ಲಿ ಒಂದು ಮಾತೂ ನಡೆದಿರಲಿಲ್ಲ. ಅವಳು ಕೇಳಿದ್ದು ನಿಜ, ಅವನು ನಾರು ಎತ್ತಿ ತೋರಿಸಿದ್ದು ನಿಜ, ಉಳಿದದ್ದೆಲ್ಲ ಅವನದೇ ಕಲ್ಪನೆ. ಅವಳು ಪೆಟ್ಟಿಗೆಯನ್ನು ದಿಟ್ಟಿಸಿದಳು. ಮಾಳಿಗೆಯ ಮೇಲೆ ಕೂತು ಮಗಳಿಗೆ ಹೆಸರು ಹುಡುಕಿದ ಸುದ್ದಿ, ತನಗೆ ಜ್ವರ ಬಂದಾಗ ಅವನು ತಲೆದೆಸೆಯಲ್ಲಿ ಕೂತು ಏನೇನೋ ಹರಟಿದ ಸುದ್ದಿ. ಒಂದಾದಮೇಲೊಂದು ಬರುತ್ತಲೇ ಇದ್ದವು. ಜ್ವರ ಬಂದಿತ್ತು, ಅವನು ಕೂತಿದ್ದ. ಹರಟಿರಲಿಲ್ಲ. ತನಗೆ ಗೊತ್ತಿಲ್ಲದ ಹಾಗೆ ತಾನು ಇನ್ನೊಂದು ಸಂಸಾರ ಮಾಡಿದ್ದೇನೆ, ಇದೇ ಗಂಡನ ಜೊತೆ, ಇದೇ ಮನೆಯಲ್ಲಿ, ಎಷ್ಟು ಸುಖವಾಗಿ ಮಾಡಿದ್ದೇನೆ ಎಂದು ಅವಳಿಗೆ ಆಶ್ಚರ್ಯವಾಯಿತು.

"ಮಾತು ನಿಂತ್ರೆ ಎಳೀಬೇಕು ಅಂದ್ರಲ್ಲ," ಎಂದಳು ಅವಳು. "ಮೊನ್ನೆ ಸಂಜೆ ಕುರ್ಚಿ ಮೇಲೆ ಕೂತು ಶೂ ಬಿಚ್ತಿದ್ರು. ನಾನು ಒಳಗಿಂದ ಮಾತಾಡ್ತಾನೇ ಇದ್ದೆ. ನಲ್ಲಿ ಸೋರತ್ತೆ ಅಂದೆ, ಮಗಳು ಫೋನ್ ಮಾಡಿದ್ಲು ಅಂದೆ. ತಟ್ಟೆ ತಂದು ಮುಂದಿಟ್ಟು ಹೋದೆ. ಆರಿಹೋಗತ್ತೆ ತಿನ್ನಿ ಅಂತ ಬೈದೆ ಕೂಡ. ಆಗ್ಲೇ ಹೋಗಿಬಿಟ್ಟಿದ್ರು. ನಮ್ಮನೇಲಿ ಮಾತೇ ಇರ್ಲಿಲ್ಲ. ನಿಂತದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

ಸಮಾಧಾನದ ಮಾತುಗಳು ಬೆಳಿಗ್ಗೆಯಿಂದ ಎಲ್ಲರೂ ಹೇಳಿ ಹೇಳಿ ಸವೆದುಹೋಗಿದ್ದವು. ಹಗ್ಗದಕ್ಕ ತನ್ನ ದಡ್ಡುಗಟ್ಟಿದ ಕೈಯನ್ನು ಅವಳ ಮಂಡಿಯ ಮೇಲಿಟ್ಟಳು. ವ್ಯಾನು ಎಲ್ಲೋ ತಿರುಗಿತು. ಆ ತಿರುವಿನಲ್ಲಿ ಹಗ್ಗದಕ್ಕ, ಒಂದು ಸಲ ನಾನೂ ಕಳಕೊಂಡುಬಿಡ್ತಿದ್ದೆ ಅಕ್ಕ ಎಂದು ಇನ್ನೊಂದು ಸುದ್ದಿ ತೆಗೆದಳು.

*

ಕೆಲವು ವರ್ಷಗಳ ಹಿಂದಿನ ಆ ದಿನ ದುರಸ್ತಿಗೆ ಬಂದದ್ದು ಯಾವುದೋ ಬಣ್ಣದ ಕಾರ್ಖಾನೆಯ ಟ್ಯಾಂಕು. ತಳದ ಬೆಸುಗೆಯ ಬದಿಯಲ್ಲಿ ಕೂದಲೆಳೆಯಂಥ ಬಿರುಕು. ಮೊದಲು ಯಾರೋ ಅದೇ ಜಾಗವನ್ನು ಮತ್ತೆ ಮತ್ತೆ ಕಾಯಿಸಿ ಬೆಸೆದು ಕೆಡಿಸಿಟ್ಟಿದ್ದರು. ಹಾಗೆ ಮಾಡಿದರೆ ಬೆಸುಗೆಗೆ ಏನೂ ಆಗುವುದಿಲ್ಲ, ಅದರ ಪಕ್ಕದ ಸ್ಟೀಲು ಸಾಯುತ್ತದೆ ಎಂದು ಅವನು ಗೊಣಗಿದ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಹೊಸ ತೇಪೆ ಕೂರಿಸಿ, ಅರ್ಧ ಬೆಸೆದು ಊಟಕ್ಕೆ ಎದ್ದ. ಏಳುವಾಗ ಆರ್ಗಾನಿನ ಪೈಪನ್ನು ಒಳಗೇ ಬಿಟ್ಟ. ವಾಲ್ವು ತಿರುಗಿಸಿದ್ದ, ಆದರೆ ಪೂರ್ತಿ ಮುಚ್ಚಿರಲಿಲ್ಲ. ಎಷ್ಟೋ ವರ್ಷ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡುತ್ತದೆಂದು ನಂಬುವವರು ಮಾಡುವ ತಪ್ಪು.

ಊಟದ ಹೊತ್ತಿನಲ್ಲಿ ಟ್ಯಾಂಕಿನ ತಳ ಸದ್ದಿಲ್ಲದೆ ತುಂಬಿತು. ಅವನು ಮರಳಿ ಬಂದು ಗಾಳಿ ಊದುವ ಫ್ಯಾನು ಹಚ್ಚಲೂ ಮರೆತು ಒಳಗಿಳಿದ. ತೇಪೆಯ ಪಕ್ಕದಲ್ಲಿ ಮಗ್ಗುಲಾಗಿ ಮಲಗಿ ಹೊಸ ಸುದ್ದಿ ಶುರುಮಾಡಿದ. ಹೆಂಡತಿ ತವರಿಗೆ ಹೋದದ್ದು, ತಾನು ಕರೆಯಲು ಹೋದದ್ದು, ಅತ್ತೆ ಕೊಟ್ಟ ನೀರು, ಚೀಲ ಎಷ್ಟು ಭಾರವಿತ್ತು ಎನ್ನುವುದು. ಹಗ್ಗದಕ್ಕ ಮೈಯೆಲ್ಲ ಕಿವಿಯಾಗಿದ್ದಳು. ಬಸ್ಸು ಹೊರಟಿತು. ಯಾಕೆ ಬಂದಿರಿ ಎಂದು ಅವಳು ಕೇಳಿದಳು. ನಾನು ಹೇಳಿದೆ...

ಅಲ್ಲಿಗೆ ಮಾತು ನಿಂತಿತು.

ಅವನು ಕತೆಗೆ ರುಚಿ ಕೊಡಲು ಸುಮ್ಮನಾದನೇನೋ ಎಂದು ಹಗ್ಗದಕ್ಕನಿಗೂ ಒಂದು ಕ್ಷಣ ಅನಿಸಿತಂತೆ. ಆದರೂ ಕೈ ಎಳೆದಿತ್ತು. ಕೂಗಿದಳು, ಜನ ಓಡಿಬಂದರು, ಅವನನ್ನು ಟ್ಯಾಂಕಿನ ಬಾಯಿಯಿಂದ ಹೊರಗೆಳೆದು ನೆಲದ ಮೇಲೆ ಮಲಗಿಸಿ ಎದೆ ಒತ್ತಿದರು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ. ಬಿಟ್ಟವನು ನಗುತ್ತಿದ್ದ. ಸುತ್ತ ಬಗ್ಗಿದ ಮುಖಗಳನ್ನೆಲ್ಲ ನೋಡಿ, ಬಸ್ಸು ಎಲ್ಲಿಗೆ ಬಂತು ಎಂದು ಕೇಳಿದ.

*

ಮಣ್ಣು ಒದ್ದೆಯಾಗಿತ್ತು. ಪೆಟ್ಟಿಗೆ ಇಳಿಸುವಾಗ ಕಾರ್ಖಾನೆಯವರೇ ಹಗ್ಗ ಹಿಡಿದರು. ಒಂದು ತುದಿ ಹಗ್ಗದಕ್ಕನ ಕೈಯಲ್ಲಿತ್ತು. ಎಳೆಯುವ ಕೆಲಸ ಮಾಡಿದ ಕೈ ಇಂದು ಬಿಡುವ ಕೆಲಸ ಮಾಡಬೇಕಾಗಿ ಬಂದಾಗ, ಮೇಸ್ತ್ರಿ ಸಾಕು ಬಿಡಿ ಎಂದು ಮೆಲ್ಲಗೆ ಹೇಳುವವರೆಗೂ ಅವಳು ಬಿಡಲಿಲ್ಲ. ಅವಳು, ಹೆಂಡತಿ, ಒಂದು ಹಿಡಿ ಮಣ್ಣು ಹಾಕಿದಳು. ಆ ಟ್ಯಾಂಕಿನ ದಿನ ಸಂಜೆ ಅವನು ಮನೆಗೆ ಬಂದಾಗ ತಾನು ಏನು ಮಾಡುತ್ತಿದ್ದೆ, ಊಟಕ್ಕೆ ಏನು ಮಾಡಿದ್ದೆ ಎಂದು ನೆನಪಿಸಿಕೊಳ್ಳಲು ಇಡೀ ಹೊತ್ತು ಹೆಣಗುತ್ತಿದ್ದಳು. ಸತ್ತು ಬದುಕಿ ಬಂದವನು ಎಂದಿನಂತೆ ಶೂ ಬಿಚ್ಚಿ, ಉಂಡು ಮಲಗಿರಬೇಕು. ಯಾವ ಸಂಜೆಯೋ ನೆನಪಾಗಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

ಮನೆಗೆ ಮರಳಿದಾಗ ಮಂಜು ಕರಗಿತ್ತು. ಬಂದವರು ಟೀ ಕುಡಿದು ಒಬ್ಬೊಬ್ಬರಾಗಿ ಹೋದರು. ಮಗಳು, ಅಳಿಯ ಒಂದು ಕೋಣೆಯಲ್ಲಿ ಒರಗಿದರು. ಅತ್ತಿಗೆ ನಡುಮನೆಯಲ್ಲಿ ಕಾಲು ಚಾಚಿದಳು. ಹಿತ್ತಲ ಕಲ್ಲಿನ ಬಳಿ ತೊಳೆಯದ ಸ್ಟೀಲ್ ಲೋಟಗಳ ರಾಶಿ ಬಿದ್ದಿತ್ತು. ಹಗ್ಗದಕ್ಕ ಅಲ್ಲಿಗೆ ಬಂದು, ಹೊರಡುತ್ತೇನೆ ಎಂದು ಹೇಳಿ, ಹೊರಡದೆ ನಿಂತಳು.

"ಅಕ್ಕ, ಒಂದು ಕೇಳ್ಲಾ? ಆವತ್ತು ನಿಂತ ಮಾತು. ಅದರ ತುದಿ ನಂಗೆ ಸಿಗ್ಲೇ ಇಲ್ಲ."

ಆಮೇಲೆ ಎಷ್ಟೋ ಸಲ ಹಗ್ಗದಕ್ಕ ಅವನನ್ನು ಕೇಳಿದ್ದಳಂತೆ. ಬೇರೆ ಎಲ್ಲ ಸುದ್ದಿಯನ್ನೂ ಅವನು ಒಂದೇ ಥರ ಹೇಳುವವನು, ಬಸ್ಸಿನದನ್ನು ಮಾತ್ರ ಪ್ರತಿ ಸಲ ಹೊಸದಾಗಿ ಬೆಸೆಯುತ್ತಿದ್ದ. ಬೀಗದ ಕೈ ನಿನ್ನ ಹತ್ತಿರವೇ ಉಳಿದಿತ್ತು, ಅದಕ್ಕೆ ಬಂದೆ ಎಂದೆ ಎಂದು ಒಮ್ಮೆ. ನಿಮ್ಮಮ್ಮನ ಕೈಯ ನೀರು ಕುಡಿಯಬೇಕೆನಿಸಿತು ಎಂದೆ ಎಂದು ಇನ್ನೊಮ್ಮೆ. ನಿನ್ನ ಹಳೆಯ ಚಪ್ಪಲಿ ಬಾಗಿಲಲ್ಲೇ ಇತ್ತು, ಅದನ್ನು ದಾಟಿ ದಾಟಿ ಕೆಲಸಕ್ಕೆ ಹೋಗಿ ಸಾಕಾಯಿತು ಎಂದೆ ಎಂದು ಮತ್ತೊಮ್ಮೆ. ಹೇಳಿ ಮುಗಿಸಿದ ಮೇಲೆ ಅವನಿಗೇ ಹಿಡಿಸುತ್ತಿರಲಿಲ್ಲವಂತೆ. ಛೆ, ಅದಲ್ಲ ಎನ್ನುತ್ತಿದ್ದನಂತೆ.

"ಮೊನ್ನೆ ಕೊನೇ ಟ್ಯಾಂಕಲ್ಲಿ ನಾನು ಕೇಳದೇನೇ ಶುರು ಮಾಡಿದ್ರು," ಎಂದಳು ಹಗ್ಗದಕ್ಕ. ಧ್ವನಿ ತಗ್ಗಿತ್ತು. "ನಾನು ಏನೂ ಹೇಳ್ಲಿಲ್ಲಮ್ಮ, ಕಿಟಕಿ ಕಡೆ ತಿರುಗಿಬಿಟ್ಟೆ ಅಂದ್ರು. ನಮ್ಮಕ್ಕ ಹೋಗ್ಬೇಡ ಅಂದಿದ್ಲು, ಅವಳಿಗೆ ಹೇಳದೆ ಹೋಗಿದ್ದೆ, ಆದ್ರೆ ಬಸ್ಸಲ್ಲಿ ಬಾಯಿ ಬರ್ಲಿಲ್ಲ ಅಂದ್ರು. ನಮ್ಮನೆಯೋಳು ಇನ್ನೂ ಕಾಯ್ತಿದಾಳೆ, ಇವತ್ತು ಹೇಳ್ತೀನಿ ಅಂತ ದಿನಾ ಹೋಗ್ತೀನಿ, ಶೂ ಬಿಚ್ಚೋ ಹೊತ್ತಿಗೆ ಎಲ್ಲ ಮರ್ತುಹೋಗತ್ತೆ ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ. ಅಷ್ಟು ಮಾತಾಡೋರು ಅದೊಂದು ಹೇಳಿರಲ್ವಾ? ಯಾವ್ದು ನಿಜ, ನೀವೇ ಹೇಳಿ."

ಅವಳು ಕಲ್ಲಿನ ಮೇಲೆ ಕೂತಳು. ಒಳಗೆ ಮಲಗಿದ್ದ ಅತ್ತಿಗೆಯ ಕಡೆಗೊಮ್ಮೆ ನೋಡಿದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವನಾಗಿಯೇ ಬಂದಿದ್ದ. ತಾನು ಕಾಯುತ್ತಿದ್ದುದು ಅವನಿಗೆ ಗೊತ್ತಿತ್ತು. ತಾನೊಬ್ಬಳೇ ಆ ಬಸ್ಸಿನಲ್ಲಿ ಉಳಿದುಹೋದೆ ಎಂದುಕೊಂಡಿದ್ದಳು, ಅವನೂ ಇಳಿದಿರಲಿಲ್ಲ.

ನಿಜ ಯಾವುದು ಎಂದು ಈ ಹೆಂಗಸು ಕೇಳುತ್ತಿದ್ದಳು. ಏನೂ ಹೇಳಲಿಲ್ಲ ಎನ್ನುವುದೇ ನಿಜ ಎಂದರೆ ಮುಗಿಯಿತು. ಅದರ ಜೊತೆಗೆ ಪಾತ್ರೆಯ ನಗು, ಮಾಳಿಗೆಯ ಹರಟೆ, ಜ್ವರದ ಮಾತು ಎಲ್ಲವೂ ಹೋಗುತ್ತದೆ. ಇಷ್ಟು ವರ್ಷ ಹಗ್ಗ ಹಿಡಿದು ಕೂತವಳು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

"ಕೊನೇದು ಸುಳ್ಳು," ಎಂದಳು ಅವಳು. "ಹೇಳಿದ್ರು."

"ಏನಂದ್ರು?"

ಆ ಉತ್ತರಕ್ಕಾಗಿ ಅವಳು ತಡಕಾಡಬೇಕಾಗಲಿಲ್ಲ. ಅದನ್ನು ಅವಳು ಯಾವಾಗಲೋ ಮಾಡಿಟ್ಟುಕೊಂಡಿದ್ದಳು. ಅವನು ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಾಗಲೆಲ್ಲ ಅದನ್ನು ಅವನ ಬಾಯಲ್ಲಿಟ್ಟು, ಅವನ ಧ್ವನಿಯಲ್ಲೇ ಕೇಳಿಸಿಕೊಂಡು ನಿದ್ದೆ ಹೋಗಿದ್ದಳು. ಹೊರಗೆ ಯಾರಿಗೂ ಹೇಳಿರಲಿಲ್ಲ.

"ನೀನಿಲ್ದೆ ಮನೇಲಿ ಸದ್ದೇ ಇಲ್ಲ ಕಣೆ, ನಂಗೆ ನಿದ್ದೆ ಬರ್ತಿಲ್ಲ ಅಂದ್ರು. ಪಾತ್ರೆ ಬೀಳಿಸು, ಬಾಗ್ಲಿಗೆ ಬೈ, ಏನಾದ್ರೂ ಮಾಡು, ಬಾ ಅಂದ್ರು."

ಹಗ್ಗದಕ್ಕ ಆ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿಕೊಂಡಳು. ಸರಿಯಾಗಿ ಕೂತಿತೋ ಎಂದು ನೋಡುವವಳ ಹಾಗೆ ಸ್ವಲ್ಪ ಹೊತ್ತು ನಿಂತಳು. ಇದೇ ಇರಬೇಕು ಎಂದಳು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಬರ್ತೀನಿ ಅಕ್ಕ ಎಂದು ಹಿತ್ತಲ ಗೇಟು ದಾಟಿ ಹೋದಳು.

ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ರಾಶಿಯಿಂದ ಒಂದು ಲೋಟ ತೆಗೆದು ತೊಳೆದು, ಕಲ್ಲಿನ ಮೇಲೆ ಠಣ್ಣೆಂದು ಬೋರಲು ಹಾಕಿದಳು. ಒಳಗಿಂದ ಅತ್ತಿಗೆ, ಸಾವಿನ ಮನೆ ಕಣೆ, ಸ್ವಲ್ಪ ಮೆಲ್ಲಗೆ ಮಾಡಬಾರದೇ ಎಂದಳು. ಅವಳು ಇನ್ನೊಂದನ್ನು ಹಾಕಿದಳು. ಮತ್ತೊಂದನ್ನು ಹಾಕಿದಳು. ಒಂದೊಂದೂ ಕಲ್ಲಿಗೆ ತಾಗಿ ಇಡೀ ಮನೆಗೆ ಕೇಳುವ ಹಾಗೆ ಮೊಳಗುತ್ತಿತ್ತು.